ಒನ್ಸ್ ಮೋರ್ ಅನ್ನದ ಭಾನುವಾರ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮನೆಯಲ್ಲಿ ನಾಟಕ ನೋಡಲು ಹೋಗುತ್ತೇನೆಂದು ಹೇಳಿ ಬಂದಿದ್ದೆ. ನಿಜ ಹೇಳಬೇಕೆಂದರೆ ಹೊರಟಿದ್ದು ಸೇಡು ತೀರಿಸಿಕೊಳ್ಳಲು.

ಎರಡು ವರ್ಷದ ಹಿಂದೆ ಒಂದು ನಾಟಕ ಕಂಪನಿ ನಮ್ಮೂರಲ್ಲಿ ಕ್ಯಾಂಪ್ ಹಾಕಿ ‘ನೀರು ಕೊಟ್ಟ ನೀಲವ್ವ’ ಎಂಬ ನಾಟಕ ಆಡಿತ್ತು. ನಾನು ಅದನ್ನು ಹನ್ನೊಂದು ಸಲ ನೋಡಿದ್ದೆ. ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಆ ತಿಂಗಳು ಯಾರ ಬ್ಲೌಸೂ ಹೇಳಿದ ದಿನಕ್ಕೆ ಆಗಲಿಲ್ಲ. ಕೊನೆಯಲ್ಲಿ ನೀಲವ್ವ ಅಣ್ಣನ ಹೊಸ್ತಿಲು ದಾಟಿ ಹೋಗುವಾಗ ಸುನಂದಾ ಎಂಬ ನಟಿ ಹಾಡುತ್ತಿದ್ದ ಹಾಡಿಗೆ ಇಡೀ ಟೆಂಟು ಮೂಗು ಒರೆಸಿಕೊಳ್ಳುತ್ತಿತ್ತು. ಹಾಗೆ ಒರೆಸಿಕೊಂಡವರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಬಳಗಾನೂರಿನ ಕಿರಾಣಿ ಅಂಗಡಿಯ ಈರಣ್ಣ ಅದರ ಅಡ್ಮಿನ್.

ಈಗ ಅದೇ ಕಂಪನಿ ಲಿಂಗಸುಗೂರಿನಲ್ಲಿ ಎರಡನೇ ಭಾಗ ಹಾಕಿತ್ತು. ಹೆಸರು ‘ನೀಲವ್ವ ಮರಳಿ ಬಂದಳು’. ಆದರೆ ಮರಳಿ ಬಂದವಳು ಸುನಂದಾ ಅಲ್ಲ. ಅವಳು ಬೇರೆ ಕಂಪನಿಗೆ ಹೋಗಿದ್ದಳು. ನೀಲವ್ವನ ಪಾತ್ರವನ್ನು ಮಾಲೀಕರು ಚಂಪಾಬಾಯಿಗೆ ಕೊಟ್ಟಿದ್ದರು. ಮೊದಲ ಭಾಗದಲ್ಲಿ ಹಾಸ್ಯದವನ ಹೆಂಡತಿಯಾಗಿ ಲಟ್ಟಣಿಗೆ ಹಿಡಿದು ಓಡಾಡಿದವಳು! ಜೊತೆಗೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮೂಲೆ ಸೇರಿ ಕೀಬೋರ್ಡು, ತಾಳಕ್ಕೆ ಬಡಿಯುವ ಎಲೆಕ್ಟ್ರಾನಿಕ್ ಪ್ಯಾಡು ಬಂದಿದ್ದವು. ಹಾರ್ಮೋನಿಯಂ ಉಳಿದದ್ದು ಒಂದೇ ಹಾಡಿಗೆ, ನೀಲವ್ವ ಅದೇ ಹೊಸ್ತಿಲಿನ ಹೊರಗೆ ನಿಂತು ಹಾಡುವ ಹಾಡಿಗೆ.

ಗುಂಪಿನಲ್ಲಿ ಹದಿನೈದು ದಿನ ಇದೇ ರಂಪ. ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಒಂದು ವಾಯ್ಸ್ ಮೆಸೇಜ್ ಕಳಿಸಿದೆ: “ಭಾನುವಾರ ಎಲ್ಲಾರೂ ಮುಂದಿನ ಸಾಲಿನ್ಯಾಗ ಕುಂದ್ರೂಣು. ಆಕಿ ಹಾಡಿದ ಮ್ಯಾಲೆ ಒಬ್ಬರೂ ಒನ್ಸ್ ಮೋರ್ ಅನಬ್ಯಾಡ್ರಿ. ಮಾಲೀಕಗ ತಾನ ತಿಳೀತೈತಿ.” ಕಂಪನಿ ನಾಟಕ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಾಡು ಮುಗಿದಾಗ ಜನ ಒನ್ಸ್ ಮೋರ್ ಎಂದು ಕೂಗಿದರೆ ನಟಿ ಮತ್ತೊಮ್ಮೆ ಹಾಡುತ್ತಾಳೆ. ಕೂಗದಿದ್ದರೆ ಆ ಹಾಡು ಬಿದ್ದಂತೆ. ಮೂವತ್ತಕ್ಕೂ ಹೆಚ್ಚು ಜನ ಒಪ್ಪಿಗೆಯ ಹೆಬ್ಬೆರಳು ಒತ್ತಿದರು. ನನಗೆ ಹೆಮ್ಮೆಯಾಗಿತ್ತು.

ಬಸ್ಸಿನಲ್ಲಿ ನನ್ನ ಟಿಕೆಟ್ ಪುಕ್ಕಟೆ, ನಿಲ್ದಾಣದಲ್ಲಿ ಜೊತೆಯಾದ ಈರಣ್ಣನದಕ್ಕೆ ದುಡ್ಡು. “ಸೀರಿ ಉಟಗೊಂಡು ಬರಬೇಕಿತ್ತು ನೋಡು ಅಕ್ಕಾ” ಎಂದು ಅವನು ಕಂಡಕ್ಟರನಿಗೆ ಕೇಳುವಂತೆಯೇ ಗೊಣಗಿದ. ಮೋಡ ಕವಿದಿತ್ತು. ಊರು ದಾಟಿದ ಮೇಲೆ ರಸ್ತೆಯ ಅಂಚಿಗೆ ಒಣಹಾಕಿದ್ದ ಭತ್ತವನ್ನು ಜನ ಗಡಿಬಿಡಿಯಲ್ಲಿ ಗುಡ್ಡೆ ಮಾಡಿ ತಾಡಪಾಲು ಮುಚ್ಚುತ್ತಿದ್ದರು. ಮಸ್ಕಿ ಇನ್ನೂ ಅಷ್ಟು ದೂರ ಇರುವಾಗಲೇ ಸಣ್ಣ ಹನಿ ಬಿತ್ತು. ಕೊಯ್ಲಿನ ಹೊತ್ತಿನ ಮಳೆ ಯಾರಿಗೂ ಬೇಡ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯತ್ತ ಬಗ್ಗಿ ನೋಡಿದರು.

ಮಸ್ಕಿಗೆ ಮೂವತ್ತು ಕಿಲೋಮೀಟರಿಗೆ ಒಂದು ತಾಸು ಹಿಡಿಯಿತು. ಅಲ್ಲಿ ಇಳಿದು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಗುಂಪಿನ ಇನ್ನೊಬ್ಬರು, ವಳಕಮದಿನ್ನಿಯ ಹನುಮಂತಪ್ಪ, ಅಲ್ಲಿಯೇ ಬಂದು ಕೂಡಿಕೊಂಡರು. ಗದ್ದೆ ಕೆಲಸದ ಜೊತೆ ಊರ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುವ ಹಿರಿಯರು.

ಮಿರ್ಚಿಯ ಬಿಸಿ ಆರುವ ಮೊದಲೇ ವಾದ ಕಾವೇರಿತು.

“ಸುನಂದಾ ಇಲ್ಲಂದ್ರ ನೀಲವ್ವ ಎಲ್ಲಿಂದ ಬರಬೇಕ್ರಿ? ಆ ಎತ್ತರ, ಆ ಕಣ್ಣು!” ಎಂದ ಈರಣ್ಣ.

“ಇಪ್ಪತ್ತು ವರ್ಷ ಕೂಲಿ ಮಾಡಿ ಮರಳಿ ಬಂದಾಕಿ ಎತ್ತರ ಕಣ್ಣು ಇಟಗೊಂಡ ಬರ್ತಾಳೇನೋ? ಮುದುಕಿ ಪಾತ್ರ ಅದು. ಚಂಪಾಬಾಯಿ ಬರೋಬರ್ ಒಪ್ಪತಾಳ” ಎಂದರು ಹನುಮಂತಪ್ಪ.

“ಲಟ್ಟಣಗಿ ಹಿಡದಾಕಿ ಬಂದು ಅಳಾಕತ್ತಿದ್ರ ಜನ ನಗ್ತಾರ್ರಿ” ಎಂದೆ ನಾನು.

“ಆಕಿ ಹಾಡು ನೀ ಕೇಳೀಯೇನವಾ?”

ಕೇಳಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಪ್ಯಾಡಿನ ಮಾತು ತೆಗೆದೆ. ಅದು ನಾಟಕವಲ್ಲ, ಮದುವೆಯ ಬ್ಯಾಂಡ್ ಎಂದೆ. ಅದಕ್ಕೆ ಮಾತ್ರ ಹನುಮಂತಪ್ಪ ತಲೆಯಾಡಿಸಿದರು. “ಅದು ಖರೇ. ಹಾರ್ಮೋನಿಯಂ ಪೆಟಿಗಿ ಹೋತಂದ್ರ ನಾಟಕದ ಜೀವಾನ ಹೋತು. ಆ ಒಂದು ಹಾಡಾದ್ರೂ ಉಳೀಬೇಕು” ಎಂದು ಕೈ ತೊಳೆಯಲು ಎದ್ದರು.

ಮಸ್ಕಿ ದಾಟಿದರೆ ಕಾಲುವೆಯ ಹಸಿರು ಮುಗಿಯುತ್ತದೆ. ಎರಡೂ ಕಡೆ ತೊಗರಿ, ಹತ್ತಿ, ನಡುನಡುವೆ ಬರೀ ಬಂಡೆ. ಹನಿ ನಿಂತಿತ್ತು, ಮೋಡ ಮಾತ್ರ ಹಾಗೇ ಇತ್ತು. ಒಂದು ಗಂಟೆಯ ಸುಮಾರಿಗೆ ಲಿಂಗಸುಗೂರು ಮುಟ್ಟಿದೆವು. ಟೆಂಟು ಇದ್ದ ಬಯಲಿಗೆ ಆಟೋದವನು ತಲೆಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡ. ತಗಡಿನ ಬೇಲಿ, ಅದರ ಮೇಲೆ ಹಸಿಯಾಗಿ ಜೋತುಬಿದ್ದ ಬ್ಯಾನರು. ಬ್ಯಾನರಿನಲ್ಲಿ ಚಂಪಾಬಾಯಿಯ ಮುಖ ಸಣ್ಣದಾಗಿ ಒಂದು ಮೂಲೆಯಲ್ಲಿತ್ತು.

ಮೂರು ಗಂಟೆಯ ಆಟ. ಮುಂದಿನ ಸಾಲಿನ ಟಿಕೆಟ್ ತರಲು ಹೋದ ಈರಣ್ಣ ಮುಖ ಇಳಿಬಿಟ್ಟುಕೊಂಡು ಬಂದ.

“ಅಕ್ಕಾ, ಕೆಲಸ ಕೆಟ್ಟೈತಿ. ಮ್ಯಾನೇಜರ್ ಹೇಳ್ಯಾನ. ಇವತ್ತ ಆ ಹಾಡಿಗೆ ಒನ್ಸ್ ಮೋರ್ ಬಿದ್ರ ಹಾಡು ಉಳೀತೈತಂತ. ಬೀಳ್ಲಿಲ್ಲಂದ್ರ ಸಂಜಿ ಆಟದಿಂದಾನ ರೆಕಾರ್ಡ್ ಹಾಕ್ತಾರಂತ. ಪೆಟಿಗಿ ಮಾಸ್ತರಿಗೂ ರಜಾ, ಚಂಪಾಬಾಯಿ ದನಿಗೂ ರಜಾ.”

ಉಳಿದಿದ್ದ ಒಂದು ಹಾರ್ಮೋನಿಯಂ ಹಾಡನ್ನು ನಾವೇ ಬಂದು ಕೊಲ್ಲುವಂತಾಗಿತ್ತು. ಹನುಮಂತಪ್ಪ ನನ್ನನ್ನೇ ನೋಡಿದರು. “ಇನ್ನೊಂದು ಮೆಸೇಜ್ ಕಳಸಬೇ. ಮೊದಲ ಹೇಳಿದ್ದು ಬ್ಯಾಡಾಗ್ಯದ ಅನ್ನು” ಎಂದರು.

ಫೋನ್ ಕೈಯಲ್ಲೇ ಇತ್ತು. ನಮ್ಮವರು ಆಗಲೇ ಬಂದು ಬಂದು ನನಗೆ ಕೈ ಮಾಡುತ್ತಿದ್ದರು. ಮುದಗಲ್ಲಿನಿಂದ ಬಂದ ಒಬ್ಬಾಕೆ ನನ್ನ ವಾಯ್ಸನ್ನು ಮನೆಯವರಿಗೆಲ್ಲ ಕೇಳಿಸಿದ್ದಾಗಿ ಹೇಳಿದಳು. ಇಷ್ಟು ಜನರ ಮುಂದೆ ಆಡಿದ ಮಾತು ನುಂಗುವುದು ನನ್ನಿಂದಾಗಲಿಲ್ಲ. “ಹಾಡು ಚಂದ ಇದ್ರ ಜನಾನ ಕೂಗತಾರ ಬಿಡ್ರಿ” ಎಂದು ಹೇಳಿ ಒಳಗೆ ಹೋಗಿ ಕುಳಿತೆ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾಟಕದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೀಬೋರ್ಡಿನ ಗದ್ದಲದಲ್ಲಿ ಅರ್ಧ ಮಾತು ಕೇಳಲಿಲ್ಲ. ಪ್ಯಾಡಿನವನು ಯಾರಾದರೂ ಕೈ ಎತ್ತಿದರೂ ಢಂ ಎನ್ನಿಸುತ್ತಿದ್ದ. ಚಂಪಾಬಾಯಿ ಬಂದಾಗ ಯಾರೂ ನಗಲಿಲ್ಲ. ಬಣ್ಣ ಮಾಸಿದ ಇಳಕಲ್ ಸೀರೆ ಉಟ್ಟು, ಚೀಲವನ್ನು ಎದೆಗವಚಿಕೊಂಡು, ಅಣ್ಣನ ಮನೆಯ ಕಡೆಗೆ ಬರುವವಳು ಅಂಗಳದಲ್ಲಿ ಎರಡು ಸಲ ನಿಂತಳು. ನನ್ನ ದೊಡ್ಡವ್ವ ಹಾಗೆಯೇ ಬರುತ್ತಿದ್ದಳು.

ಕೊನೆಯ ಅಂಕದಲ್ಲಿ ಆ ಹಾಡು ಬಂತು. ಕೀಬೋರ್ಡು ಸುಮ್ಮನಾಯಿತು. ಪೆಟ್ಟಿಗೆ ಮಾಸ್ತರರು ಮೂಲೆಯಿಂದ ಸುರ ಹಿಡಿದರು. ಚಂಪಾಬಾಯಿ ಬಾಗಿಲ ಚೌಕಟ್ಟಿಗೆ ಕೈ ಇಟ್ಟು ಹಾಡಿದಳು. ಸುನಂದಾಳ ಹಾಗೆ ಎತ್ತರಕ್ಕೆ ಏರುವ ದನಿಯಲ್ಲ. ಸಣ್ಣದಾಗಿ, ಒಳಗಿನವರಿಗೆ ಕೇಳೀತೋ ಇಲ್ಲವೋ ಎಂಬಂತೆ ಹಾಡಿದಳು. ಚಂದವಿತ್ತು. ಮೇಲಿನ ಸುರ ಬರುವ ಕಡೆ ಮುಟ್ಟಿಯೂ ಮುಟ್ಟದ ಹಾಗೆ ಇಳಿದುಬಿಟ್ಟಳು. ನನ್ನ ಪಕ್ಕದಲ್ಲಿದ್ದ ಈರಣ್ಣ “ದನಿ ಏಳವಲ್ದು” ಎಂದು ಪಿಸುಗುಟ್ಟಿದ.

ಹಾಡು ಮುಗಿಯಿತು. ಅವಳು ಚೌಕಟ್ಟಿನಿಂದ ಕೈ ತೆಗೆಯಲಿಲ್ಲ. ಮಾಸ್ತರರು ಸುರ ಬಿಡಲಿಲ್ಲ, ಕಾಲಿನಿಂದ ತಿದಿ ತುಳಿಯುತ್ತಲೇ ಇದ್ದರು. ಹಿಂದಿನಿಂದ ಯಾರೋ ಒಬ್ಬರು “ಒನ್ಸ್” ಎಂದವರು ಮುಂದಿನ ಸಾಲುಗಳು ಕಲ್ಲಿನಂತೆ ಕುಳಿತದ್ದನ್ನು ನೋಡಿ ಅಷ್ಟಕ್ಕೇ ನಿಲ್ಲಿಸಿದರು. ಹನುಮಂತಪ್ಪ ಬಾಯಿ ತೆರೆದು ನನ್ನ ಕಡೆ ನೋಡಿದರು. ನಾನು ಅನ್ನಬಹುದಿತ್ತು. ನಾನು ಅಂದಿದ್ದರೆ ಉಳಿದ ಮೂವತ್ತು ಜನವೂ ಅನ್ನುತ್ತಿದ್ದರು. ಮಡಿಲಲ್ಲಿ ಕೈ ಬಿಗಿದುಕೊಂಡು ಕುಳಿತೆ. ಸುರ ಮೆಲ್ಲಗೆ ನಿಂತಿತು. ಅಣ್ಣನ ಪಾತ್ರದವನು ಮುಂದಿನ ಮಾತು ಶುರು ಮಾಡಿದ.

ಆಟ ಮುಗಿದ ಮೇಲೆ ನಮ್ಮವರೆಲ್ಲ ಖಾನಾವಳಿಗೆ ನಡೆದರು. ನನಗೆ ರೊಟ್ಟಿ ಬೇಕೆನಿಸಲಿಲ್ಲ. ತಲೆನೋವು ಎಂದು ಹೇಳಿ ಒಬ್ಬಳೇ ನಿಲ್ದಾಣಕ್ಕೆ ಬಂದು ಆರೂವರೆಯ ಸಿಂಧನೂರು ಬಸ್ ಹತ್ತಿದೆ. ಬಸ್ ಹೊರಡುವ ಹೊತ್ತಿಗೆ ಹೆಂಗಸೊಬ್ಬಳು ಟ್ರಂಕ್ ಎತ್ತಿಕೊಂಡು ಹತ್ತಿ ನನ್ನ ಪಕ್ಕದಲ್ಲಿ ಕುಳಿತಳು. ಕಿವಿಯ ಹಿಂದೆ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಚಂಪಾಬಾಯಿ.

“ಮಸ್ಕಿಗೆ ಎಷ್ಟೊತ್ತಾಗ್ತದ್ರಿ?” ಎಂದು ಕೇಳಿದಳು.

“ಮುಕ್ಕಾಲು ತಾಸು ಆಗತೈತ್ರಿ” ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ನನ್ನ ದನಿಗೆ ಕಿವಿಗೊಟ್ಟವಳಂತೆ ತಲೆ ವಾಲಿಸಿ, “ಆ ವಾಯ್ಸ್ ಕಳಿಸಿದವರು ನೀವಲ್ರೀ?” ಎಂದಳು. “ನಮ್ಮ ಕಂಪನಿ ತನಕಾನೂ ಬಂದಿತ್ರಿ ಅದು. ನಾಕ ಸಲ ಕೇಳೀನಿ. ನಾವು ದನಿ ಮರಿಯಂಗಿಲ್ರಿ.”

ಸುಳ್ಳು ಹೇಳಬೇಕೆನಿಸಿತು. ಬಾಯಿ ಬಿಟ್ಟರೆ ಆ ದನಿಯೇ ಬರುತ್ತದಲ್ಲ. “ಹೂಂ, ನಾನರಿ” ಎಂದೆ.

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಸಂಜೆಯ ಆಟದ ಮಾತು ಹೇಳಿದಳು. ಮಾಲೀಕರು ಪಾತ್ರದಲ್ಲಿ ಮುಂದುವರಿ, ರೆಕಾರ್ಡಿಗೆ ಬಾಯಿ ಆಡಿಸು ಅಂದರಂತೆ. “ಇಪ್ಪತ್ತಾರು ವರ್ಷ ಹಾಸ್ಯದ ಪಾರ್ಟು ಮಾಡೀನ್ರಿ. ಒಂದು ಹಾಡು ಸಿಕ್ಕಿತ್ತು. ಅದನ್ನೂ ಬ್ಯಾರೇದವರು ಹಾಡಿದ ಮ್ಯಾಲೆ ನಾ ಯಾಕ ನಿಂದ್ರಬೇಕು ಅಂತ ಬಂದುಬಿಟ್ಟೆ. ಮಸ್ಕ್ಯಾಗ ತಂಗಿ ಅದಾಳ.”

ಮತ್ತೆ ಹನಿ ಶುರುವಾಗಿ ಕಿಟಕಿಯ ಗಾಜಿನ ಸಂದಿಯಿಂದ ನೀರು ನನ್ನ ತೋಳಿನ ಮೇಲೆ ಬೀಳುತ್ತಿತ್ತು. ಮಸ್ಕಿಯ ದೀಪಗಳು ಕಂಡಾಗ ಅವಳು ಟ್ರಂಕಿನ ಹಿಡಿಕೆ ಹಿಡಿದುಕೊಂಡು ಕೇಳಿದಳು:

“ಒಂದು ಮಾತು ಹೇಳ್ರಿ, ಖರೇ ಹೇಳ್ರಿ. ಮ್ಯಾಲಿನ ಸುರಕ್ಕ ನನ್ನ ದನಿ ಏಳಲಿಲ್ಲ ಅಂತ ಅನಿಸ್ತೇನ್ರಿ ನಿಮಗ?”

“ಸ್ವಲ್ಪ ಅನಿಸ್ತರಿ” ಎಂದೆ. ಇನ್ನೊಂದು ಸುಳ್ಳು ನನ್ನಲ್ಲಿ ಉಳಿದಿರಲಿಲ್ಲ.

“ನಾ ಬೇಕಂತ ತಡದ ಹಿಡದಿದ್ದೆರಿ. ಮೊದಲನೇ ಸಲ ದನಿ ಹಿಡದ ಹಾಡಬೇಕು, ಒನ್ಸ್ ಮೋರ್ ಬಿದ್ದ ಮ್ಯಾಲೆ ಪೂರಾ ಬಿಡಬೇಕು. ಮಾಸ್ತರ್ ಹಂಗ ಕಲಿಸ್ಯಾರ. ಮೊದಲ ಬಿಟ್ಟರ ಎರಡನೇದಕ್ಕ ಉಸಿರು ಇರಂಗಿಲ್ಲ.”

ಬಸ್ ನಿಂತಿತು. ಟ್ರಂಕ್ ಇಳಿಸಲು ಕೈ ಹಚ್ಚಹೋದೆ. ಅವಳು ಬೇಡವೆಂದು ತಾನೇ ಎತ್ತಿಕೊಂಡು ಇಳಿದಳು. ನಾನು ಕಿಟಕಿಯಿಂದ ತಿರುಗಿ ನೋಡಿದೆ. ಹನಿಯಲ್ಲೇ ಸೆರಗು ತಲೆಗೆ ಹೊದ್ದು ಆಟೋಗಳ ಕಡೆ ಹೋಗುತ್ತಿದ್ದಳು. ಫೋನ್ ತೆರೆದರೆ ಗುಂಪಿನಲ್ಲಿ “ನಾವು ಗೆದ್ವಿ” ಎಂಬ ಮೆಸೇಜಿನ ಕೆಳಗೆ ಸಾಲು ಸಾಲು ಚಪ್ಪಾಳೆ. ಆ ಹಾಡನ್ನು ನಾನು ಕೇಳಿ ಬಂದೆನೆಂದು ಯಾರಿಗೂ ಹೇಳುವ ಹಾಗಿಲ್ಲ. ಅವಳು ಅದನ್ನು ಇನ್ನೂ ಹಾಡಿಯೇ ಇರಲಿಲ್ಲ.