ನರ್ಸಮ್ಮನ ವರ್ಗ

ಪುಂಜಾಲಕಟ್ಟೆಯಿಂದ ಒಳಗೆ, ನಮ್ಮೂರಿನ ಹೆರಿಗೆ ಕೇಂದ್ರದಲ್ಲಿದ್ದ ದಾದಿ ನಮಗೆಲ್ಲ ‘ನರ್ಸಮ್ಮ’. ಕರೆಯಲು ಬಂದವರು ಎಷ್ಟೇ ಗಾಬರಿಯಲ್ಲಿದ್ದರೂ ಅವರು ಚೀಲಕ್ಕೆ ಒಂದೊಂದೇ ಸಾಮಾನು ತುಂಬುತ್ತಾ, “ಹೊರಟೆ ಮಾರಾಯ, ನೋವು ಯಾವಾಗ ಸುರುವಾದ್ದು?” ಎಂದು ಕೇಳುತ್ತಿದ್ದರು.

ಆಗಷ್ಟೇ ಜಿಲ್ಲಾ ಬೋರ್ಡು ಹೋಗಿ ಕೇಂದ್ರವು ತಾಲೂಕು ಬೋರ್ಡಿನ ಕೈಗೆ ಬಂದಿತ್ತು. ನಮ್ಮೂರಿನ ಜಮೀನುದಾರರಾದ ಧನಿಗಳು ಅದರ ಸದಸ್ಯರಲ್ಲೊಬ್ಬರು. ಒಂದು ಬೆಳಿಗ್ಗೆ, ಮಗಳಿಗೆ ನೋವು ಬಂತೆಂದು ಅವರು ಕಾರು ಕಳಿಸಿದರು. ಅದೇ ಹೊತ್ತಿಗೆ ಹೊಳೆಯಾಚೆಯ ಕೂಲಿಯವನೊಬ್ಬ ಓಡಿ ಬಂದಿದ್ದ. ಅವನ ಹೆಂಡತಿ ಹಿಂದಿನ ದಿನದಿಂದ ನರಳುತ್ತಿದ್ದಳು.

“ಧನಿಗಳಿಗೆ ಹೇಳು, ಹೊಳೆಯಾಚೆ ಮುಗಿಸಿ ಬರ್ತೇನೆ” ಎಂದು ಡ್ರೈವರನನ್ನು ಕಳಿಸಿ, ನರ್ಸಮ್ಮ ಹೊಳೆಯತ್ತ ನಡೆದರು.

ಸಂಜೆಯೊಳಗೆ ಎರಡೂ ಹೆರಿಗೆ ಸುಸೂತ್ರವಾಗಿ ಆದವು. ಆದರೂ ಸ್ವಲ್ಪ ದಿನದಲ್ಲೇ ನರ್ಸಮ್ಮನಿಗೆ ವರ್ಗವಾಯಿತು. ಅವರು ಯಾರನ್ನೂ ದೂರದೆ ಪಾತ್ರೆ ಕಟ್ಟತೊಡಗಿದರು.

“ಬೋರ್ಡು ಮಂಗಳೂರಿನಲ್ಲಿದ್ದಾಗ ನಾವು ಯಾರನ್ನು ಕೇಳುವುದು? ಈಗ ಬೋರ್ಡಿನ ಧನಿಗಳ ಮನೆ ಗುಡ್ಡದಾಚೆಯೇ ಉಂಟಲ್ಲ, ಹೋಗುವ” ಎಂದರು ನಮ್ಮತ್ತೆ.

ಹೆಂಗಸರೆಲ್ಲ ಹೋಗಿ ಧನಿಗಳ ಅಂಗಳದಲ್ಲಿ ಕುಳಿತೆವು. “ಇದು ಆಫೀಸಿನ ವಿಷಯ” ಎಂದು ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಮಗಳು ಹಸುಗೂಸನ್ನೆತ್ತಿಕೊಂಡು ಮೆಟ್ಟಿಲಿಳಿದು ಬಂದು, ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಧನಿಗಳು ಮತ್ತೆ ಹೊರಗೆ ಬಂದು ಅವಳನ್ನು ನೋಡಿದರು. ಡ್ರೈವರನನ್ನು ಕರೆದು ಬೋರ್ಡಿನ ಆಫೀಸಿಗೆ ಹೊರಟರು.

ಆ ವರ್ಗ ರದ್ದಾಯಿತು.