ಮಿಡಿಸೌತೆಯ ಸೋಮವಾರ

ರಫ್ತಿಗೆ ಸರ್ಕಾರವೇ ಉತ್ತೇಜನ ಕೊಡುತ್ತದೆಂದು ನಂಬಿ, ಹದಿನಾರು ಎಂಬ ಊರಿನ ನಮ್ಮ ಹೊಲಕ್ಕೆ ಮಿಡಿಸೌತೆ ಹಾಕಿದ್ದೆ. ಅದನ್ನು ಕಿರುಬೆರಳಿನಷ್ಟಿದ್ದಾಗಲೇ ಕೀಳಬೇಕು. ಒಂದು ದಿನ ಬಿಟ್ಟರೆ ಊದಿಕೊಳ್ಳುತ್ತದೆ. ಸೋಮವಾರ ಶಿವನ ವಾರ, ನಾವು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ಮಂಗಳವಾರ ಕಿತ್ತು, ಗಾಡಿ ಕಟ್ಟಿಕೊಂಡು ಖರೀದಿ ಕೇಂದ್ರಕ್ಕೆ ಹೋದೆ.

ಅಲ್ಲಿನ ಅಧಿಕಾರಿ ಚೀಲಕ್ಕೆ ಕೈ ಹಾಕಿದವರೇ, "ದಪ್ಪ ಆಗೋಗಿವೆ ಯಜಮಾನ್ರೇ, ಫಾರಿನ್ನಿಗೆ ನಡೆಯಲ್ಲ. ನಿನ್ನೆ ಯಾಕೆ ತರಲಿಲ್ಲ?" ಎಂದರು.

"ಸೋಮವಾರ ಎತ್ತು ಕಟ್ಟಲ್ಲ ಸಾ."

"ಕಾಯಿಗೆ ವಾರ ಗೊತ್ತೇನ್ರೀ? ದೇಶಕ್ಕೆ ಡಾಲರ್ ಬರೋದು ಬೇಡ್ವಾ?"

"ಅಂಗಾರೆ ಮೊನ್ನೆ ಭಾನುವಾರ ತಂದಾಗ ಬೀಗ ಆಕಿತ್ತಲ್ಲ ಸಾ?"

"ಭಾನುವಾರ ಸರ್ಕಾರಿ ರಜೆ ಕಣ್ರೀ!"

ಚೀಲಗಳನ್ನು ಮತ್ತೆ ಗಾಡಿಗೆ ಹೊತ್ತು ಹಾಕಿದೆ. ಶಿವನ ವಾರ ತಿಳಿಯದ ಕಾಯಿಗೆ ಸರ್ಕಾರದ ರಜೆ ಮಾತ್ರ ಹೇಗೆ ತಿಳಿಯುತ್ತದೋ, ಆ ನಂಜುಂಡನೇ ಬಲ್ಲ.