ಹೊರಗಿನ ಬಟ್ಟಲು

ಆಗೂದಿಲ್ಲ ಅಂದವರು ನಮ್ಮ ಕಾಲೇಜಿನ ಇತಿಹಾಸದ ಸರ್. ಹಾನಗಲ್ಲಿನಲ್ಲಿ ಬಿ.ಎ. ಕೊನೆಯ ವರ್ಷ. ಒಂದು ಪ್ರಾಜೆಕ್ಟ್ ಬರೆದು, ಸಾಮಾನು ಪ್ರದರ್ಶನಕ್ಕಿಡಬೇಕು. ಅದರಲ್ಲಿ ಪಾಸಾಗದಿದ್ದರೆ ಪದವಿ ಇಲ್ಲ. ಹಳೆಯ ಎನಾಮಲ್ ಭಾಂಡೆ ಇಡತೇನಿ ಅಂದೆ. ತಗಡಿಗೆ ಗಾಜಿನಂಥ ಬಣ್ಣ ಕೂಡಿಸಿ ಸುಟ್ಟ, ಬಿಳಿ ಮೈ ನೀಲಿ ಅಂಚಿನ ತಾಟು, ಬಟ್ಟಲು, ಹೂಜಿ. ಬಂಕಾಪುರದ ಕೋಟೆ, ಊರಲ್ಲೇ ಇರುವ ಗುಡಿ ಎಲ್ಲ ಬಿಟ್ಟು ತುಕ್ಕಿನ ತಾಟು ಯಾವ ಇತಿಹಾಸ ಅಂತ ಸರ್ ಕೇಳಿದರು.

"ಗುಜರಿ ಅಂಗಡಿ ಇಡಾಕ ಡಿಗ್ರಿ ಯಾಕ ಬೇಕವಾ?" ಅಂದಾಗ ಕ್ಲಾಸೆಲ್ಲ ನಕ್ಕಿತು. ನಾನು ಅದೇ ವಿಷಯ ಬರೆಸಿ ಬಂದೆ.

ಭಾಂಡೆ ನನಗೆ ಗೊತ್ತಿದ್ದ ವಿದ್ಯೆ. ಅವ್ವ ಹಳೇ ಅರಿವಿ ಇಸಕೊಂಡು ಸ್ಟೀಲಿನ ಸಾಮಾನು ಕೊಡುವಾಕೆ. ಹಿರೇಕೆರೂರಿನ ನಮ್ಮ ಮನೆ ಬಿಟ್ಟರೆ ಬುಟ್ಟಿ ಹೊತ್ತು ಹಾನಗಲ್ಲು, ಶಿಗ್ಗಾವಿ, ಸವಣೂರು ಸುತ್ತಿ ಬರುತ್ತಿದ್ದಳು. ಮನೆಯಲ್ಲಿ ಅಕ್ಷರ ಕಲಿತವಳು ನಾನೊಬ್ಬಳೇ. ನನ್ನ ಕಾಲೇಜಿನ ಚೂಡಿದಾರಗಳೂ ಆ ಹಳೇ ಬಟ್ಟೆಯ ಗಂಟಿನಿಂದ ಆರಿಸಿದವೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ರಜೆಗೆ ನಾನೂ ಬುಟ್ಟಿ ಹೊತ್ತೆ. ಅರಿವಿ ಬ್ಯಾಡ, ಎನಾಮಲ್ ಇದ್ದರೆ ಕೊಡ್ರಿ ಅಂತ ಕೂಗಿದೆ. ಹೊಸ ಸ್ಟೀಲ್ ವಾಟಗ, ಲೋಟದ ಆಸೆಗೆ ಹೆಂಗಸರು ನಗುತ್ತಲೇ ಅಟ್ಟ ಹತ್ತಿದರು. ಚಕ್ಕೆ ಎದ್ದಲ್ಲಿ ಬಣ್ಣ ಪದರು ಪದರಾಗಿ ಕಂಡರೆ ಹಳೆಯದು, ಒಂದೇ ತೆಳು ಪದರಾದರೆ ಮೊನ್ನೆಯದು; ಅದನ್ನು ನನ್ನ ಉಗುರು ಕಲಿಯಿತು. ಸವಣೂರಿನ ಒಬ್ಬ ಅಜ್ಜಿ ಗುಲಾಬಿ ಹೂವಿನ ದೊಡ್ಡ ತಬಕು ಕೊಟ್ಟರು. ಬೀಗರಿಗೆ ಇದರಲ್ಲೇ ಬಡಿಸುತ್ತಿದ್ದೆವು ಅಂತ ಸೆರಗಿನಿಂದ ಒರೆಸಿ ಒರೆಸಿ ಕೈಗಿಟ್ಟರು.

ಆ ಮನೆಯಲ್ಲಿ ಬೀಗರಿಗೆ ಇಟ್ಟಿದ್ದನ್ನೇ ಕೆಲವು ಮನೆಗಳಲ್ಲಿ ಹೊರಗಿನವರಿಗೆ ಇಡುತ್ತಿದ್ದರು. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಮೈಲಿಗೆ ಹೋಗುತ್ತಂತೆ, ಎನಾಮಲ್ಲಿಗೆ ಹೋಗುವುದಿಲ್ಲವಂತೆ. ತಡಸದ ಆಚೆಯ ಒಂದು ದೊಡ್ಡ ಮನೆಯಲ್ಲಿ ಅಂಗಳದ ಗೋಡೆಯ ಗೂಡಿನೊಳಗೆ ಅಂಥದೊಂದು ಚಕ್ಕೆ ಎದ್ದ ಬಟ್ಟಲಿತ್ತು. ಅವ್ವ ಕಟ್ಟೆಯ ಮೇಲೆ ಕುಂತು ಅದರಲ್ಲಿ ಚಾ ಕುಡಿದು, ತಾನೇ ತೊಳೆದು, ತಿರುಗಿ ಗೂಡಿಗಿಟ್ಟು ಬರುವಳು. ಈಗ ಆ ಮನೆಯ ಸೊಸೆ ಕಾಗದದ ಕಪ್ಪಿನಲ್ಲಿ ಕೊಡುತ್ತಾಳೆ. ಅದೂ ಕಟ್ಟೆಯ ಮೇಲೆಯೇ.

ನನಗೆ ಆ ಬಟ್ಟಲೇ ಬೇಕಾಗಿತ್ತು. ಅವ್ವನನ್ನು ಕಳಿಸಿದೆ. ಆಕೆ ಅಲ್ಲಿಂದ ತಂದದ್ದು ಒಂದು ಚಕ್ಕೆಯೂ ಏಳದ ಹಸಿರು ಬಟ್ಟಲು. ಒಡಕು ಸಾಮಾನನ್ನು ಬುಟ್ಟಿಯ ಮೇಲೆ ಇಡಬಾರದು ಅನ್ನುವುದು ಭಾಂಡೆಯವರ ರೀತಿ. ಮಗಳ ಪ್ರದರ್ಶನಕ್ಕೆ ಚಂದದ್ದೇ ಇರಲಿ ಅಂತ ಗೂಡಿನದನ್ನು ಬಿಟ್ಟು ಅಟ್ಟದ ಮೇಲಿನದನ್ನು ಕೇಳಿ ತಂದಿದ್ದಳು. ಇದಲ್ಲ, ನೀನು ಚಾ ಕುಡಿಯುತ್ತಿದ್ದ ಗೂಡಿನದೇ ಬೇಕು ಅಂದೆ. ಆಗ ಸಿಟ್ಟಿಗೆದ್ದಳು.

"ನನ್ನ ಮರ್ಯಾದಿ ತಗದು ಮೇಜಿನ ಮ್ಯಾಲೆ ಇಡತಿಯೇನ?"

"ನಿಂದಲ್ಲ ಯವ್ವಾ, ಅವರ ಮರ್ಯಾದಿ," ಅಂದೆ. ಆಕೆ ಹಸಿರು ಬಟ್ಟಲನ್ನು ಬುಟ್ಟಿಗೆ ಎಸೆದು ಎದ್ದು ಹೋದಳು.

ನಾನೇ ಹೋದೆ. ಮನೆಯ ಹಿರಿಯ ಗೌಡ್ತಿ, ಕಾಲೇಜಿನ ಹುಡುಗಿ ಅಂತ ನನಗೆ ಸ್ಟೀಲ್ ಲೋಟದಲ್ಲಿ ಚಾ ತಂದರು. ಕೂಡು ಅಂತ ಕುರ್ಚಿಯನ್ನೂ ಹಾಕಿಸಿದರು. ನಾನು ಕೂಡಲಿಲ್ಲ.

"ನಮ್ಮವ್ವಗ ಕೊಡತಿದ್ದ ಬಟ್ಟಲದಾಗ ಹಾಕ್ರಿ," ಅಂದೆ.

ಆಯಮ್ಮ ಗೂಡಿನ ಕಡೆ ನೋಡಿದರು. ಅಲ್ಲಿದ್ದ ಬಟ್ಟಲಲ್ಲಿ ಈಗ ಮೊಳೆ ತುಂಬಿದ್ದವು. ಚಾ ಹಾಕಲಿಲ್ಲ. ಮೊಳೆ ನೆಲಕ್ಕೆ ಸುರಿದು ಬಟ್ಟಲನ್ನು ಕೈಗೆ ಕೊಟ್ಟರು; ಬದಲಿಗೆ ಏನೂ ಕೇಳಲಿಲ್ಲ. ಅವರ ಮನೆಯ ಹೆಸರು ಎಲ್ಲೂ ಬರೆಯುವುದಿಲ್ಲ ಅಂತ ನಾನಾಗಿಯೇ ಹೇಳಿ ಬಂದೆ.

ಪ್ರದರ್ಶನದ ದಿನ ಅದರ ಮುಂದೆ ಚೀಟಿ ಇಟ್ಟೆ: 'ನಮ್ಮವ್ವ ಇಪ್ಪತ್ತು ವರ್ಷ ಚಹಾ ಕುಡಿದ ಬಟ್ಟಲು. ಇದೂ ಆ ಮನೆಯ ಒಳಗೆ ಹೋಗಲಿಲ್ಲ, ಅವಳೂ ಹೋಗಲಿಲ್ಲ.' ಸರ್ ಓದಿ, 'ಹಳೆಯ ಚಹಾ ಬಟ್ಟಲು' ಅಂತಷ್ಟೇ ಬರೆ, ಇಲ್ಲದಿದ್ದರೆ ಫೇಲಾದೀ ಅಂತ ಸಣ್ಣ ದನಿಯಲ್ಲಿ ಹೇಳಿದರು. ನಿಜಕ್ಕೂ ಹೆದರಿದ್ದರು, ನನಗಾಗಿಯೋ ತಮಗಾಗಿಯೋ ಗೊತ್ತಿಲ್ಲ. ನನಗೂ ಹೆದರಿಕೆಯಿತ್ತು, ನನ್ನ ಕಾಲೇಜಿಗಾಗಿ ಮೂರು ವರ್ಷ ಅವ್ವ ಹೊತ್ತ ಬುಟ್ಟಿ ಆ ಚೀಟಿಗೆ ಅಂಟಿತ್ತು. ಆದರೂ ಬದಲಿಸಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಕೋಟೆಯ ಮಾದರಿಗಳನ್ನೆಲ್ಲ ದಾಟಿ ಬಂದು ಚೀಟಿಯನ್ನು ಎರಡು ಸಲ ಓದಿದರು. ಬರೆದವರು ಯಾರು ಅಂದರು. ನಾನೇ ಅಂದೆ. ತಬಕಿನ ಬಗ್ಗೆ, ಬಣ್ಣದ ಪದರಿನ ಬಗ್ಗೆ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಪಾಸಾದೆ. ಮೊದಲನೆಯವಳೇನಲ್ಲ, ಅಂಕ ಸಾಧಾರಣ. ಆದರೆ ಒಂದಕ್ಷರ ಅಳಿಸದೆ ಪಾಸಾದೆ.

ಅವ್ವ ಪ್ರದರ್ಶನ ನೋಡಲು ಬಂದಿರಲಿಲ್ಲ. ಪದವಿ ಸರ್ಟಿಫಿಕೇಟು ಕೈಗೆ ಬಂದ ದಿನ ಆಕೆ ತಡಸದ ದಾರಿಗೆ ಬುಟ್ಟಿ ಜೋಡಿಸುತ್ತಿದ್ದಳು. ಅದನ್ನು ಆಕೆಯ ಕೈಗೆ ಕೊಟ್ಟು, ಚೀಟಿಯಲ್ಲಿ ಬರೆದಿದ್ದ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆಕೆ ಕೈ ಒರೆಸಿಕೊಂಡು ಕಾಗದದ ಅಂಚು ಹಿಡಿದಳು. ಆಮೇಲೆ ಅಂದಳು:

"ಇವತ್ತ ಆ ಮನಿ ಮುಂದ ಕೂಗತೇನಿ. ಒಳಗ ಕರದ್ರ ಕುಂತು ಕುಡೀತೇನಿ, ಇಲ್ಲಂದ್ರ ಅವರ ಚಾ ಅವರ ಹತ್ತರ ಇರಲಿ."